ಬಾಲವಿಲ್ಲದ ಪದ

ಪಾದ್ರಿ ಮೆತೋದೇಯ್ ಆ ಪದವನ್ನು ಬಾಯಿಬಿಟ್ಟು ಓದಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹಾಗೇ ತಿರುಗಿಸಿ ಆನೆಷ್ಕಾಳ ಮುಂದಕ್ಕೆ ತಳ್ಳಿದರು.

"ಇದನ್ನ ಬರೆದಿದ್ದು ನಿಮ್ಮ ಸೊಸೆ ತಾನೆ?"

ಆನೆಷ್ಕಾ ಕನ್ನಡಕ ಏರಿಸಿದಳು. ಬ್ಲಾಂಕಾಳದೇ ಗುಂಡಗಿನ ಅಕ್ಷರ. ಮೂರು ಸಾಲು.

ರಾದಿಮ್ ಕುಬೆಲ್ಕಾ, ೧೯೬೧ – ೧೯೯೩
ಬ್ಲಾಂಕಾ ಕುಬೆಲ್ಕೋವಾ, ೧೯೬೬ –
ಸೆಕ್ಸಿ

"ಸಮಾಧಿ ಕಲ್ಲಿನ ಮೇಲೆ," ಎಂದರು ಪಾದ್ರಿ. "ನನ್ನ ಇಗರ್ಜಿಯ ಅಂಗಳದಲ್ಲಿ."

ಆನೆಷ್ಕಾಳ ಕಿವಿ ಬಿಸಿಯಾಯಿತು. ಪದ ಗೊತ್ತಿಲ್ಲದ್ದೇನಲ್ಲ. ಗಡಿ ತೆರೆದ ಐದು ವರ್ಷಗಳಲ್ಲಿ ಅದು ವಿಯೆನ್ನಾ ಕಡೆಯಿಂದ ಸಾಬೂನು, ಕಾಲುಚೀಲಗಳ ಜೊತೆ ದಕ್ಷಿಣ ಮೊರಾವಿಯಾದ ಈ ದ್ರಾಕ್ಷಿತೋಟಗಳ ಊರಿಗೂ ಬಂದಿತ್ತು. ಶಾಂಪೂ ಬಾಟಲಿಯ ಮೇಲಿತ್ತು, ಬಸ್ ನಿಲ್ದಾಣದ ಗೋಡೆಯ ಮೇಲಿತ್ತು. ಸ್ಮಶಾನದ ಗೇಟು ದಾಟಿರಲಿಲ್ಲ.

"ಅದು ಸರಿಯಾದ ಪದಾನೂ ಅಲ್ಲ," ಎಂದರು ಪಾದ್ರಿ. "ನಮ್ಮ ಮಾತಲ್ಲಿ ಹೆಸರಿರಲಿ, ಗುಣ ಇರಲಿ, ಪದದ ಕೊನೆಗೆ ಗಂಡಿಗೊಂದು ಬಾಲ, ಹೆಣ್ಣಿಗೊಂದು ಬಾಲ ಇರುತ್ತೆ. ಇದಕ್ಕೆ ಬಾಲವೇ ಇಲ್ಲ. ಗಂಡೋ ಹೆಣ್ಣೋ ಗೊತ್ತಾಗದ ಪ್ರಾಣಿ."

"ಕೇಳ್ತೀನಿ ಅವಳನ್ನ," ಎಂದು ಆನೆಷ್ಕಾ ಎದ್ದಳು.

ಕೇಳಬೇಕಾದದ್ದು ಬೇರೆಯೂ ಇತ್ತು. ರಾದಿಮ್ ಟ್ರ್ಯಾಕ್ಟರ್ ಮಗುಚಿ ಸತ್ತು ವರ್ಷವಾಗಿತ್ತು. ಬ್ಲಾಂಕಾಳಿಗೆ ಇಪ್ಪತ್ತೆಂಟು. ಇತ್ತೀಚೆಗೆ ಅವಳಿಗೆ ಬ್ರನೋ ನಗರದಿಂದ ಕಾಗದಗಳು ಬರುತ್ತಿದ್ದವು. ಓದಿ ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಅದಕ್ಕೇ ಆನೆಷ್ಕಾ ಹಟ ಹಿಡಿದಿದ್ದಳು: ಊರ ಪದ್ಧತಿಯಂತೆ ಗಂಡನ ಹೆಸರಿನ ಪಕ್ಕ ಹೆಂಡತಿಯ ಹೆಸರೂ ಈಗಲೇ ಕಲ್ಲಿಗೆ ಬೀಳಬೇಕು. ಹುಟ್ಟಿದ ವರ್ಷ, ಒಂದು ಗೀಟು, ಮುಂದೆ ಖಾಲಿ ಜಾಗ. ಹೆಸರು ಕಲ್ಲಿಗೆ ಬಿದ್ದ ಹೆಣ್ಣು ಎಲ್ಲಿಗೂ ಹೋಗುವುದಿಲ್ಲ. ಆನೆಷ್ಕಾಳ ಹೆಸರು ಅವಳ ಗಂಡನ ಪಕ್ಕ ಇಪ್ಪತ್ತೆರಡು ವರ್ಷಗಳಿಂದ ಕಾಯುತ್ತಿದೆ. ಪ್ರತಿ ಶನಿವಾರ ಹೋಗಿ ತನ್ನ ಹೆಸರನ್ನು ತಾನೇ ಉಜ್ಜಿ ತೊಳೆದು ಬರುತ್ತಾಳೆ.

ಮೂರು ತಿಂಗಳು ಬ್ಲಾಂಕಾ ಒಪ್ಪಿರಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದಳು: ಕಲ್ಲಿನ ಮೇಲೆ ಒಂದೇ ಒಂದು ಪದ ತನ್ನಿಷ್ಟದ್ದು.

ಬ್ಲಾಂಕಾ ಅಡುಗೆಮನೆಯಲ್ಲಿ ಕೈಗಿರಣಿಗೆ ಗಸಗಸೆ ಹಾಕಿ ಅರೆಯುತ್ತಿದ್ದಳು.

"ನಾಚಿಕೆ ಆಗಲ್ವೇನೇ ನಿಂಗೆ?"

"ಇಲ್ಲ ಅಮ್ಮ."

"ಬೇರೆ ಪದ ಸಿಗಲಿಲ್ವಾ? ಪ್ರೀತಿ, ಶಾಂತಿ, ಎಷ್ಟಿಲ್ಲ?"

"ಅವೆಲ್ಲ ಎಲ್ಲರ ಕಲ್ಲಿನ ಮೇಲೂ ಇವೆ." ಬ್ಲಾಂಕಾ ಗಿರಣಿಯ ಹಿಡಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಬೆಳಿಗ್ಗೆ ಕನ್ನಡಿ ಮುಂದೆ ನಿಂತ್ರೆ ಸಾಕು, ರಾದಿಮ್ ಬಾಯಲ್ಲಿ ಇದೊಂದೇ ಪದ. ದಿನಾ. ಸಾಯೋ ದಿನಾನೂ."

ಆನೆಷ್ಕಾ ಕುರ್ಚಿ ಎಳೆದುಕೊಂಡು ಕೂತಳು. ಕನ್ನಡಿಯ ಮುಂದೆ ಕೆನ್ನೆಗೆ ನೊರೆ ಹಚ್ಚಿಕೊಂಡು ತನ್ನನ್ನೇ ಹೊಗಳಿಕೊಳ್ಳುವ ಮಗ ಕಣ್ಣೆದುರು ಬಂದ. ಮಗನ ಈ ಜಂಬ ಅವಳಿಗೆ ತಿಳಿದೇ ಇರಲಿಲ್ಲ. ವರ್ಷದಲ್ಲಿ ಮೊದಲ ಸಲ ನಗು ಬಂತು.

"ನಿಜಾನೇ ಹೇಳ್ತಿದ್ದ ಬಿಡು," ಎಂದಳು.

"ನಂಗೂ ಹಾಗೇ ಅನ್ಸುತ್ತೆ," ಎಂದಳು ಬ್ಲಾಂಕಾ.

ಮಾರನೆಯ ದಿನ ಪಾದ್ರಿಯ ಮೇಜಿನ ಮುಂದೆ ಆನೆಷ್ಕಾ ಕೂರಲಿಲ್ಲ, ನಿಂತೇ ಮಾತಾಡಿದಳು.

"ಪದ ಇರಲಿ, ಫಾದರ್. ನನ್ನ ಮಗನಿಗೆ ಸರಿಯಾಗೇ ಇದೆ."

"ಆನೆಷ್ಕಾ, ರಾದಿಮ್ ಬಂಗಾರದಂಥ ಹುಡುಗ. ಇಲ್ಲ ಅನ್ನಲ್ಲ. ಆದ್ರೆ ಆ ಪದ..." ಪಾದ್ರಿ ತಮ್ಮ ಎರಡೂ ಕಿವಿಗಳ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಬಾಗಿಸಿ ತೋರಿಸಿದರು. "ನಾನೇ ಜ್ಞಾನಸ್ನಾನ ಮಾಡಿಸಿದ್ದು. ಟೋಪಿ ನಿಲ್ಲೋಕೆ ಆ ಕಿವಿಗಳೇ ಆಧಾರ."

"ಕಿವಿ ಅವರಪ್ಪನದು. ಅದನ್ನ ನೋಡೇ ನಾನು ಮದುವೆ ಆಗಿದ್ದು." ಅವಳ ಧ್ವನಿ ಏರಲಿಲ್ಲ. "ನಿಮ್ಮ ಅಂಗಳದಲ್ಲಿ ಮಲಗಿರೋ ಕುಡುಕರ ಮೇಲೆಲ್ಲ 'ಆದರ್ಶ ಪತಿ' ಅಂತ ಬರೆಸಿದ್ದೀರಿ. ಅದು ಸುಳ್ಳು, ನಿಮಗೂ ಗೊತ್ತು. ಅದಕ್ಕೆ ಮುದ್ರೆ ಒತ್ತಿದ್ರಿ. ಇದೊಂದು ನಿಜ. ಇದಕ್ಕೆ ಕೈ ನಡುಗುತ್ತಾ?"

"ಊರು ನಗುತ್ತೆ."

"ನಗಲಿ. ಸ್ಮಶಾನದಲ್ಲಿ ಯಾರಾದ್ರೂ ನಕ್ಕು ಎಷ್ಟು ವರ್ಷ ಆಯ್ತು? ಪೀಠದ ಮೇಲೆ ನಿಂತು ನೀವು ಬೈಯಿರಿ, ನಾನು ಮೊದಲನೇ ಬೆಂಚಲ್ಲಿ ಕೂತು ಕೇಳ್ತೀನಿ. ಪದ ಮಾತ್ರ ಕಲ್ಲಿಗೆ ಬೀಳ್ಬೇಕು."

ಪಾದ್ರಿ ಮೇಜಿನ ಡ್ರಾಯರ್ ಎಳೆದರು. ಮುದ್ರೆ ತೆಗೆದು ಕಾಗದಕ್ಕೆ ಒತ್ತಿದರು. ಅದರ ಕೆಳಗೆ, ಸಮಾಧಿಯ ಹಕ್ಕುದಾರಳೆಂದು ಆನೆಷ್ಕಾ ಸಹಿ ಹಾಕಿದಳು. ಕಾಗದವನ್ನು ಕಲ್ಲುಕುಟಿಗನಿಗೆ ಬ್ಲಾಂಕಾ ತಲುಪಿಸಿದಳು. ಎಲ್ಲಿ ಏನು ಕೊರೆಯಬೇಕೆಂದು ಪಕ್ಕದಲ್ಲೇ ನಿಂತು ಹೇಳಿ ಬಂದಳು.

ನವೆಂಬರ್ ಎರಡು, ಸತ್ತವರ ದಿನ. ಊರಿಗೆ ಊರೇ ಸೇವಂತಿಗೆ, ಮೇಣದಬತ್ತಿ ಹಿಡಿದು ಅಂಗಳದಲ್ಲಿ ಸೇರಿತ್ತು. ಹೊಸ ಕಲ್ಲಿಗೆ ಗೋಣಿ ಮುಚ್ಚಿತ್ತು. ಸುದ್ದಿ ಆಗಲೇ ಹರಡಿದ್ದರಿಂದ ಬೇರೆ ಸಮಾಧಿಗಳ ಹತ್ತಿರ ನಿಂತವರೂ ಕತ್ತು ಇತ್ತಲೇ ಚಾಚಿದ್ದರು. ಆನೆಷ್ಕಾ ಬೆನ್ನು ನೆಟ್ಟಗೆ ಮಾಡಿ, ಒಬ್ಬೊಬ್ಬರ ಕಣ್ಣನ್ನೂ ನೇರ ನೋಡಿದಳು. ಯಾರಿಗಾದರೂ ಮಾತಿದ್ದರೆ ಬರಲಿ ಎಂಬಂತೆ.

ಪಾದ್ರಿ ನೀರು ಚಿಮುಕಿಸಿದರು. ಬ್ಲಾಂಕಾ ಗೋಣಿ ಎಳೆದಳು.

ಆನೆಷ್ಕಾ ಮಗನ ಹೆಸರಿನ ಕೆಳಗೆ ಹುಡುಕಿದಳು. ಏನೂ ಇರಲಿಲ್ಲ. ಅವನಿಗೆ ಎರಡು ವರ್ಷಗಳು, ನಡುವೆ ಒಂದು ಗೀಟು, ಅಷ್ಟೇ. ಅವಳ ಕಣ್ಣು ಪಕ್ಕದ ಹೆಸರಿಗೆ ಸರಿಯಿತು. ಅಲ್ಲಿ ಗೀಟಿನ ಮುಂದೆ, ಕಲ್ಲಿನ ಅಂಚಿನವರೆಗೂ, ಸಾವಿನ ವರ್ಷಕ್ಕೆ ಒಂದು ಬೆರಳಗಲ ಜಾಗವೂ ಉಳಿದಿರಲಿಲ್ಲ.

ಬ್ಲಾಂಕಾ ಕುಬೆಲ್ಕೋವಾ, ೧೯೬೬ – ಸೆಕ್ಸಿ.