ನಡುವಿನ ಚುಕ್ಕೆ

ಮೊದಲ ಸ್ಫೋಟಕ್ಕೆ ಗುಡ್ಡದ ಮೇಲಿನ ಸಂಪರ್ಕ ಗೋಪುರ ಉರುಳಿಬಿತ್ತು. ರೇಡಾರ್ ಕೋಣೆಗೆ ಏನೂ ಆಗಿರಲಿಲ್ಲ. ಪರದೆಯ ಮುಂದೆ ಕೂತಿದ್ದ ತಂಗಿಗೆ ಶತ್ರುವಿನ ಎರಡನೇ ಕ್ಷಿಪಣಿ ನಗರದತ್ತ ಬರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಅದನ್ನು ಆಕಾಶದಲ್ಲೇ ಹೊಡೆಯಬೇಕಾದ ಪ್ರತಿಕ್ಷಿಪಣಿ ಇದ್ದದ್ದು ನಗರದ ಆಚೆ ಬದಿಯ ಬಯಲಿನಲ್ಲಿ, ಅಣ್ಣನ ಸುಪರ್ದಿಯಲ್ಲಿ. ಪರದೆಯ ಅಂಕಿಗಳು ತಾವಾಗಿಯೇ ಅವನ ಯಂತ್ರಕ್ಕೆ ಹೋಗುತ್ತಿದ್ದ ದಾರಿ ಗೋಪುರದ ಜೊತೆಗೇ ಮುಚ್ಚಿತ್ತು. ಇಬ್ಬರ ನಡುವೆ ಉಳಿದದ್ದು ನೆಲದಡಿಯ ಹಳೆಯ ಟೆಲಿಫೋನ್ ತಂತಿಯೊಂದೇ.

ಅವಳು ರಿಸೀವರ್ ಎತ್ತಿದಳು. "ಅಣ್ಣಾ, ನಿನ್ನ ಪರದೇಲಿ ಏನಾದ್ರೂ ಕಾಣ್ತಿದ್ಯಾ?"

"ಬೋಳುಗೋಡೆ ಥರ ಇದೆ. ನೀನು ಹೇಳ್ತಾ ಹೋಗು ಪುಟ್ಟಿ, ನಾನು ಅಂಕಿಗಳನ್ನ ಕೈಯಲ್ಲೇ ಒತ್ಕೊಳ್ತೀನಿ."

ಅಷ್ಟರಲ್ಲಿ ಪರದೆಯ ಮೇಲೆ ಕ್ಷಿಪಣಿಯ ಚುಕ್ಕೆ ಒಡೆದು ಮೂರಾಯಿತು. ಒಂದು ನಿಜವಾದ ಸಿಡಿತಲೆ, ಉಳಿದೆರಡು ಕಣ್ಣಿಗೆ ಮಣ್ಣೆರಚಲು ಬಿಟ್ಟ ಟೊಳ್ಳುಗಳು. ಅಣ್ಣನ ಬಳಿ ಹಾರಲು ಸಿದ್ಧವಿದ್ದದ್ದು ಒಂದೇ ಪ್ರತಿಕ್ಷಿಪಣಿ. ಕೆಳಗೆ ಇಡೀ ನಗರ. ಅದರಲ್ಲೊಂದು ಮನೆಯಲ್ಲಿ, ಸೈರನ್ ಎಷ್ಟು ಕೂಗಿದರೂ ಮಂಡಿನೋವೆಂದು ನೆಲಮಾಳಿಗೆಗೆ ಇಳಿಯದ ಅಮ್ಮ.

"ಮೂರಾಗಿದೆ. ಸ್ವಲ್ಪ ತಡಿ," ಎಂದಳು.

"ತಡಿಯೋಕೆ ಟೈಮೆಲ್ಲಿದೆ? ಯಾವುದೋ ಒಂದು ಹೇಳು!"

"ಯಾವುದೋ ಒಂದು ಹೇಳೋಕೆ ನಾನ್ಯಾಕೆ ಬೇಕು?"

ಅವಳು ಪರದೆಗೆ ಇನ್ನಷ್ಟು ಬಾಗಿ ನೋಡಿದಳು. ಗಾಳಿ ದಟ್ಟವಾಗಿರುವ ಎತ್ತರಕ್ಕೆ ಇಳಿದದ್ದೇ ತಡ, ಎಡಬಲದ ಚುಕ್ಕೆಗಳು ಕುಂಟತೊಡಗಿದವು. ನಡುವಿನದು ವೇಗ ಬಿಟ್ಟುಕೊಡಲಿಲ್ಲ.

"ನಡುವಿನದೇ ಅಣ್ಣ. ಟೊಳ್ಳಾಗಿರೋದು ಗಾಳಿಗೆ ಸೋಲುತ್ತೆ, ಇದು ಸೋಲ್ತಿಲ್ಲ. ಹಾಕ್ಕೋ." ದಿಕ್ಕು, ಎತ್ತರ, ವೇಗ, ಒಂದೊಂದನ್ನೇ ಬಿಡಿಸಿ ಓದಿದಳು. ತಂತಿಯ ಗೊರಗೊರ ಸದ್ದಿನ ನಡುವೆ ಅವನು ಒಂದೊಂದನ್ನೇ ತಿರುಗಿ ಹೇಳಿದ.

"ಎತ್ತರ ಹದಿನಾರು…"

"ಹದಿನಾರಲ್ಲ! ಒಂದು, ಏಳು. ಹದಿನೇಳು!"

"ಹದಿನೇಳು. ಆಯ್ತು. ಪುಟ್ಟಿ, ಖಂಡಿತ ತಾನೆ?"

"ಹಾರಿಸಣ್ಣ!"

ರಿಸೀವರಿನಲ್ಲಿ ಬಯಲೇ ಗುಡುಗಿದಂತಾಯಿತು. ಅವಳ ಪರದೆಯ ಕೆಳತುದಿಯಿಂದ ಹೊಸ ಚುಕ್ಕೆಯೊಂದು ಮೇಲೆದ್ದಿತು. "ಸ್ವಲ್ಪ ಎಡಕ್ಕೆ… ಇನ್ನೂ ಸ್ವಲ್ಪ… ಸಾಕು ಸಾಕು. ಇನ್ನು ನಿನ್ನ ಕ್ಷಿಪಣಿಯ ಕಣ್ಣಿಗೇ ಗುರಿ ಕಾಣುತ್ತೆ, ಬಿಟ್ಬಿಡು."

ಎರಡು ಚುಕ್ಕೆಗಳು ಒಂದಾದವು. ಆ ಜಾಗದಲ್ಲಿ ಹಿಟ್ಟು ಚೆಲ್ಲಿದಂತೆ ಒಂದಿಷ್ಟು ಪುಡಿ ಹರಡಿ ಮಾಯವಾಯಿತು. ಟೊಳ್ಳುಗಳು ತೂರಾಡುತ್ತ ಊರಾಚೆಯ ಬೀಳುನೆಲದಲ್ಲಿ ಬಿದ್ದವು.

"ಹೊಡ್ದೆ ಅಣ್ಣ. ನೇರ ನೆತ್ತಿಗೇ."

ಆ ಕಡೆ ಅವನು ಕುರ್ಚಿ ಹಿಂದೆ ಸರಿಸಿದ ಸದ್ದು. "ತಾಳು, ಮೊದಲು ಅಮ್ಮಂಗೊಂದು ಫೋನ್ ಮಾಡ್ತೀನಿ."

"ಮೊದಲು ಟವರ್ ರಿಪೇರಿಯವರಿಗೆ ಮಾಡು," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. "ಅಮ್ಮನ್ನ ನಾನು ನೋಡ್ಕೊಳ್ತಾ ಇದ್ದೀನಿ."