ಏಳುನೂರೈವತ್ತು ವ್ಯಾಟ್

ಪರದೆ ಕಪ್ಪಾಯಿತು. ಫ್ಯಾನ್ ನಿಂತಿತು. ಆನ್‌ಲೈನ್ ಆಟದ ಫೈನಲ್ ಮುಗಿಯಲು ನಲವತ್ತು ಸೆಕೆಂಡಿತ್ತು. ಎದುರಾಳಿಗಳಲ್ಲಿ ಒಬ್ಬನೇ ಉಳಿದಿದ್ದ.

ರಿಪೇರಿಯವನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದ. ಊರವರ ಸತ್ತ ಕಂಪ್ಯೂಟರುಗಳನ್ನೆಲ್ಲ ಎಬ್ಬಿಸಿ ಕೂರಿಸುವುದು ಅವನ ಕಸುಬು. ಸ್ವಂತ ಮನೆಯ ಕರೆಂಟ್ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಕಾರಣ ಗೋಡೆಯಾಚೆ ಇತ್ತು. ಅಣ್ಣ.

ಅಪ್ಪ ಕಟ್ಟಿಸಿದ ಮನೆಗೆ ಮೂರು ವರ್ಷದ ಹಿಂದೆ ನಡುವೆ ಗೋಡೆ ಎಬ್ಬಿಸಿ ಇಬ್ಬರೂ ಬೇರೆಯಾಗಿದ್ದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಅಂದಿನಿಂದ ಮಾತಿಲ್ಲ. ಹೊರಗೋಡೆಯ ಮೀಟರ್ ಮತ್ತು ಅದರ ಕೆಳಗಿನ ಫ್ಯೂಸ್ ಮಾತ್ರ ಒಂದೇ ಉಳಿದಿತ್ತು. ನಾಲ್ಕು ಬಲ್ಬು, ಎರಡು ಫ್ಯಾನಿನ ಕಾಲದ ಫ್ಯೂಸ್ ಅದು. ಬೇರೆ ಮೀಟರಿಗೆ ಅವನೇ ಮೊದಲು ಅರ್ಜಿ ಹಾಕಲಿ ಎಂದು ಇವನು ಕೂತಿದ್ದ. ಇವನೇ ಹಾಕಲಿ ಎಂದು ಅವನು ಕೂತಿದ್ದ.

ಅಣ್ಣ ದರ್ಜಿ. ಹಗಲೆಲ್ಲ ಗೋಡೆಯಾಚೆ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ಆಗ ಫ್ಯೂಸಿಗೆ ಏನೂ ಆಗುತ್ತಿರಲಿಲ್ಲ. ಯಂತ್ರ ನಿಲ್ಲಬೇಕು, ತಮ್ಮ ಆಟಕ್ಕೆ ಕೂರಬೇಕು, ಪಂದ್ಯ ಕಾವೇರಬೇಕು, ಆಗಲೇ ಫ್ಯೂಸ್ ಹೋಗಬೇಕು. ಬೇಕಂತಲೇ ಇಸ್ತ್ರಿಪೆಟ್ಟಿಗೆ ಹಚ್ಚುತ್ತಾನೆ ಎಂದು ತಮ್ಮ ತೀರ್ಮಾನಿಸಿಬಿಟ್ಟಿದ್ದ.

ಈ ಸಲದ ಸಿಟ್ಟು ಬರೀ ತನಗಾಗಿ ಅಲ್ಲ. ಬಡಪಾಯಿಗಾಗಿ.

'ಬಡಪಾಯಿ' ಎನ್ನುವುದು ಆಟದಲ್ಲಿ ಅವನ ಜೊತೆಗಾರ ಇಟ್ಟುಕೊಂಡ ಹೆಸರು. ಮುಖ ಕಂಡಿಲ್ಲ, ದನಿ ಕೇಳಿಲ್ಲ. ಮಾತೆಲ್ಲ ಆಟದೊಳಗೆ ಟೈಪ್ ಮಾಡಿದ್ದೇ. ಎಂಟು ತಿಂಗಳ ಹಿಂದೆ ಅವನ ಕಂಪ್ಯೂಟರ್ ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿತ್ತು. ಗುಂಡು ಹಾರಿಸುವ ಮೊದಲೇ ಸಾಯುತ್ತಿದ್ದ. ರಿಪೇರಿಯವನು ಮೊದಲು ಬೈದ, ಆಮೇಲೆ ಕಲಿಸಿದ.

"ಗ್ರಾಫಿಕ್ಸ್ ಕಾರ್ಡ್ ಆಮೇಲೆ ತಗೊ. ಮೊದಲು ಪವರ್ ಸಪ್ಲೈ ಬದಲಾಯಿಸು, ಏಳುನೂರೈವತ್ತು ವ್ಯಾಟ್‌ದು. ಹೊಸ ಬಂಡಿಗೆ ಮುದಿ ಎತ್ತು ಹೂಡಬೇಡ."

"ಆಗಲಿ ಗುರುಗಳೇ."

"ರ‍್ಯಾಮ್ ಹದಿನಾರು ಜಿಬಿ ಮಾಡು. ಕಾರ್ಡ್ ಕೊಳ್ಳೋ ಮುಂಚೆ ಕ್ಯಾಬಿನೆಟ್ ಅಳೆ."

ಒಂದೇ ನಿಮಿಷದಲ್ಲಿ ಉತ್ತರ ಬಂದಿತ್ತು. "ಹನ್ನೆರಡೂಕಾಲು ಇಂಚು. ನೀವು ಹೇಳಿದ ಕಾರ್ಡ್ ಹನ್ನೊಂದೂವರೆ. ಮುಕ್ಕಾಲು ಇಂಚು ಸಡಿಲ ಇರುತ್ತೆ."

ಇಷ್ಟು ಅಚ್ಚುಕಟ್ಟಾದ ಗಿರಾಕಿ ಅಂಗಡಿಗೆ ಒಬ್ಬನೂ ಬಂದಿರಲಿಲ್ಲ. ಹೋದ ತಿಂಗಳು ಬಡಪಾಯಿ ಹೇಳಿದ್ದನ್ನೆಲ್ಲ ಕೂರಿಸಿಕೊಂಡ. ಗೆಲುವು ಶುರುವಾಯಿತು. ಹೋದ ತಿಂಗಳಿಂದಲೇ ಗೋಡೆಯಾಚೆಯ ಹೊಟ್ಟೆಕಿಚ್ಚೂ ಶುರುವಾಯಿತು. ಪ್ರತಿ ಸಲ ಫ್ಯೂಸ್ ಕಟ್ಟಿ ಬಂದು ಇವನು ಕ್ಷಮೆ ಕೇಳುವುದು, "ಪರವಾಗಿಲ್ಲ ಗುರುಗಳೇ, ನಾನೂ ಈಗಲೇ ಬಂದೆ" ಎಂದು ಅವನು ಸಮಾಧಾನ ಹೇಳುವುದು. ಅಂಥ ಒಳ್ಳೆಯ ಜೀವ.

ನಿನ್ನೆ ತಡೆಯಲಾರದೆ ಇವನು ಎಲ್ಲವನ್ನೂ ತೋಡಿಕೊಂಡಿದ್ದ. ಒಡಹುಟ್ಟಿದವನು ಎನ್ನಲು ನಾಚಿಕೆಯಾಗಿ 'ಪಕ್ಕದ ಮನೆಯವನು' ಎಂದು ಬರೆದಿದ್ದ.

"ಅಂಥವರಿಗೆ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ ಗುರುಗಳೇ," ಎಂದಿದ್ದ ಬಡಪಾಯಿ. "ವೈರ್ ಕತ್ತರಿಸಿ ಹಾಕಿ. ನಾನಾಗಿದ್ರೆ ಯಾವತ್ತೋ ಕತ್ತರಿಸ್ತಿದ್ದೆ."

ರಿಪೇರಿಯವನು ಡ್ರಾಯರ್ ಎಳೆದು ಕಟಿಂಗ್ ಪ್ಲೇಯರ್ ತೆಗೆದ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಅಡ್ಡ ನಿಂತಳು.

"ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ. ಒಂದ್ಸಲ ಹೋಗಿ ಅವರನ್ನೇ ಕೇಳಬಾರ್ದಾ?"

"ಕೇಳೋದಾ? ಅವನನ್ನಾ? ಅದಕ್ಕಿಂತ ಆ ಗೋಡೆನ ಕೇಳ್ತೀನಿ."

ಭಾನುವಾರ ಮಧ್ಯಾಹ್ನದ ಬಿಸಿಲಿಗೆ ಮೀಟರಿನ ಪೆಟ್ಟಿಗೆ ಕಾದಿತ್ತು. ಮೇನ್ ಸ್ವಿಚ್ ಇಳಿಸಿದ. ಅಣ್ಣನ ಭಾಗಕ್ಕೆ ಹೋಗುವ ಎರಡು ವೈರುಗಳನ್ನು ಹಿಡಿದ. ಎರಡು ಮನೆಗಳ ನಡುವೆ ಉಳಿದಿದ್ದ ಸಂಬಂಧವೆಂದರೆ ಅದಿಷ್ಟೇ. ಕಚಕ್. ಇನ್ನೊಮ್ಮೆ ಕಚಕ್. ಹೊಸ ಫ್ಯೂಸ್ ತಂತಿ ಕಟ್ಟಿ ಸ್ವಿಚ್ ಎತ್ತಿದ. ತನ್ನ ಭಾಗಕ್ಕೆ ಕರೆಂಟ್ ಬಂತು. ಆಚೆಯಿಂದ ಬೈಗುಳವಾದರೂ ಬರುತ್ತದೆಂದು ಕಾದ, ಬರಲಿಲ್ಲ.

ಪರದೆಯ ಮೇಲೆ 'ಸೋಲು' ಎಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೂ ಬರೆದ: "ನಿನ್ನ ಮಾತು ಕೇಳಿದೆ ಶಿಷ್ಯ. ಕತ್ತರಿಸಿ ಹಾಕಿದೆ. ಇನ್ಮೇಲೆ ನಮ್ಮನ್ನ ತಡೆಯೋರಿಲ್ಲ."

ಬಡಪಾಯಿಯ ಹೆಸರಿನ ಮುಂದೆ ಹಸಿರು ಚುಕ್ಕಿ ಇರಲಿಲ್ಲ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ನಡುನೀರಿನಲ್ಲಿ ಕೈಬಿಟ್ಟ ಗುರುವಿನ ಮೇಲೆ ಮುನಿಸಿಕೊಂಡು ಹೋಗಿಯೇ ಬಿಟ್ಟನೇ? ಇದ್ದ ಒಬ್ಬ ಗೆಳೆಯನನ್ನೂ ಕಳೆದನಲ್ಲ ಆ ಪಾಪಿ ಎಂದು ಗೋಡೆಗೆ ಗುದ್ದಿದ. ಕೈ ನೊಂದಿತು, ಕಣ್ಣು ತುಂಬಿತು.

ಬಾಗಿಲು ಬಡಿದ ಸದ್ದು.

ಅಣ್ಣ. ಮೂರು ವರ್ಷಕ್ಕೆ ಮೊದಲ ಸಲ ಹೊಸಿಲ ಮುಂದೆ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪ್. ಮುಖ ಕೆಂಪಾಗಿತ್ತು. ರಿಪೇರಿಯವನ ಮುಷ್ಟಿ ಬಿಗಿಯಾಯಿತು.

"ನಿನ್ನ ಮುಖ ನೋಡೋಕೆ ಬಂದಿಲ್ಲ," ಎಂದ ಅಣ್ಣ. "ಜಗಳಕ್ಕೂ ಬಂದಿಲ್ಲ. ಐದೇ ನಿಮಿಷ ಆ ವೈರ್ ಸೇರಿಸಿ ಕೊಡು. ಆಮೇಲೆ ಬೇಕಾದ್ರೆ ಮತ್ತೆ ಕತ್ತರಿಸ್ಕೊ."

"ಐದು ನಿಮಿಷದಲ್ಲಿ ಏನು ಮಾಡ್ತೀಯ? ಇಸ್ತ್ರಿನಾ?"

ಅಣ್ಣ ನೆಲ ನೋಡಿದ. "ಆಟದಲ್ಲಿ ನನಗೊಬ್ಬ ಗುರುಗಳಿದ್ದಾರೆ. ಪಕ್ಕದ ಮನೆಯವನ ವೈರ್ ಕತ್ತರಿಸಿ ಹಾಕಿ ಅಂತ ನಿನ್ನೆ ಅವರಿಗೆ ಹೇಳ್ಬಿಟ್ಟಿದ್ದೀನಿ. ಬೇಡ ಅಂತ ಬರೀಬೇಕು."