ಪಕ್ಕದವಳ ಕಣ್ಣೀರು

"ಮನಸ್ಸು ಕರಗಿದರೆ ದೇಹ ಹೀಗೆ ಸಾಕ್ಷಿ ಹೇಳುತ್ತೆ, ನೋಡಿ," ಎಂದು ಧ್ಯಾನ ಮುಗಿದ ಮೇಲೆ ಗುರುಗಳು ಶಾಂಭವಿಯ ಒದ್ದೆ ಕೆನ್ನೆಯನ್ನು ಎಲ್ಲರಿಗೂ ತೋರಿಸಿದರು.

ಪಕ್ಕದಲ್ಲೇ ಕೂತಿದ್ದ ವನಮಾಲಾಗೆ ಹೊಟ್ಟೆ ಉರಿದುಹೋಯಿತು. ಮೊನ್ನೆ ಮೊನ್ನೆ ಸೇರಿದವಳಿಗೆ ಧಾರಾಕಾರ ಕಣ್ಣೀರು! ವರ್ಷಗಳಿಂದ ಬರುತ್ತಿರುವ ತನಗೆ ಬರೀ ಮಂಡಿನೋವು. ಮರುದಿನ ಹಠ ಹಿಡಿದು, ಮಂಡಿಗಳಿಗೆ ನೀಲಗಿರಿ ಎಣ್ಣೆಯನ್ನು ಎಂದಿಗಿಂತ ಹೆಚ್ಚು ತಿಕ್ಕಿಕೊಂಡು ಬಂದು, ಕಲ್ಲಿನ ಹಾಗೆ ಕೂತಳು. ಒಂದು ಹನಿಯೂ ಬರಲಿಲ್ಲ. ಶಾಂಭವಿಗೆ ಮಾತ್ರ ಕಣ್ಣು, ಮೂಗು ಎರಡೂ ಸುರಿದವು. ಗುರುಗಳು ಅವಳಿಗೆ ಕೈಮುಗಿದೇಬಿಟ್ಟರು.

ಚಪ್ಪಲಿ ಹಾಕಿಕೊಳ್ಳುವಾಗ ವನಮಾಲಾ ತಡೆಯಲಾರದೆ ಕೇಳಿದಳು: "ಅಷ್ಟು ಅಳು ಬರುತ್ತಲ್ಲ, ಅದೇನು ನೆನೆಸಿಕೊಳ್ತೀರಿ?"

ಶಾಂಭವಿ ಸೆರಗಿನಿಂದ ಕೆಂಗಣ್ಣು ಒರೆಸಿಕೊಂಡಳು. "ಬೇಜಾರು ಮಾಡ್ಕೋಬೇಡಿ ಅಕ್ಕ, ನಾಳೆಯಿಂದ ಆ ಎಣ್ಣೆ ಸ್ವಲ್ಪ ಕಡಿಮೆ ಹಚ್ಕೊಂಡು ಬನ್ನಿ. ಅದರ ಘಾಟು ನನ್ನ ಕಣ್ಣಿಗೆ ತಡೆಯೋಕಾಗ್ತಿಲ್ಲ."